ನ್ಯೂಟ್ರಿನೋಗಳ ದ್ರವ್ಯರಾಶಿಯೂ ಬೇಯ್ಸನ ನಿಯಮವೂ

ಯಾವ ತಕ್ಕಡಿಗೂ ಸಿಕ್ಕದ ವಸ್ತುವನ್ನು ತೂಗುವುದು ಹೇಗೆ? ನ್ಯೂಟ್ರಿನೋ ಎಂಬ ಮೂಲಕಣದ ವಿಷಯದಲ್ಲಿ ಭೌತವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ ಇದು. 1930ರಲ್ಲಿ ಪೌಲಿಯು ಊಹಿಸಿದ ಈ ಕಣವು 1956ರಲ್ಲಿ ಪ್ರಯೋಗಕ್ಕೆ ಗೋಚರವಾಯಿತು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿಯೂ ದೊರೆಯಿತೆಂಬುದು ಸ್ಮರಣೀಯ.

ನ್ಯೂಟ್ರಿನೋಗಳು ಮೂರು ಬಗೆ. ಸಂಚರಿಸುವಾಗ ಒಂದು ಬಗೆಯದು ಇನ್ನೊಂದಾಗಿ ಮಾರ್ಪಡುತ್ತದೆಂದು 1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗವು ತೋರಿಸಿತು. ದ್ರವ್ಯರಾಶಿಗಳು ಭಿನ್ನವಾಗಿದ್ದಲ್ಲದೆ ಈ ಮಾರ್ಪಾಟು ನಡೆಯಲಾರದು. ಆದರೆ ಇಂಥ ಪ್ರಯೋಗಗಳಿಂದ ತಿಳಿಯುವುದು ದ್ರವ್ಯರಾಶಿಗಳ ವರ್ಗಗಳ ನಡುವಣ ಅಂತರ ಮಾತ್ರ. ಮೂರರಲ್ಲಿ ಎರಡು ಬೆಲೆಗಳು ಒಂದಕ್ಕೊಂದು ಸಮೀಪ, ಮೂರನೆಯದು ದೂರ. ಆ ಒಂಟಿ ಬೆಲೆಯು ಜೋಡಿಗಿಂತ ಹೆಚ್ಚಾದರೆ ‘ಸಹಜ ಕ್ರಮ’, ಕಡಮೆಯಾದರೆ ‘ವಿಲೋಮ ಕ್ರಮ’. ಮೂರರ ಮೊತ್ತವು ಮೊದಲನೆಯ ಕ್ರಮದಲ್ಲಿ ಕನಿಷ್ಠ ಸುಮಾರು 0.06, ಎರಡನೆಯದರಲ್ಲಿ ಕನಿಷ್ಠ ಸುಮಾರು 0.10 ಎಲೆಕ್ಟ್ರಾನ್ ವೋಲ್ಟ್. 2018ರಲ್ಲಿ ಪ್ರಕಟವಾದ ಪ್ಲಾಂಕ್ ಉಪಗ್ರಹದ ವಿಶ್ಲೇಷಣೆಯಂತೆ ಈ ಮೊತ್ತ 0.12ನ್ನು ಮೀರುವ ಸಂಭವ ಅಲ್ಪ. ಆದಕಾರಣ ವಿಲೋಮ ಕ್ರಮಕ್ಕೆ ಉಳಿದಿರುವ ಎಡೆ ಕಿರಿದು. ಈ ಸಾಕ್ಷ್ಯದ ಬಲವನ್ನು ಅಳೆಯುವ ಬಗೆ ಹೇಗೆ?

1763ರಲ್ಲಿ, ಲೇಖಕನ ಮರಣಾನಂತರ, ಪ್ರಕಟವಾದ ಥಾಮಸ್ ಬೇಯ್ಸನ ಪ್ರಬಂಧದಿಂದ ಬೆಳೆದ ನಿಯಮವು ಇಲ್ಲಿ ನೆರವಾಗುತ್ತದೆ. ಪ್ರಯೋಗಕ್ಕೆ ಮೊದಲು ಎರಡು ಕ್ರಮಗಳೂ 1:1ರಂತೆ ಸಮಸಂಭಾವ್ಯವೆಂದು ಭಾವಿಸೋಣ. ದೊರೆತ ಫಲಿತಾಂಶವು ವಿಲೋಮ ಕ್ರಮದಲ್ಲಿರುವುದಕ್ಕಿಂತ ಸಹಜ ಕ್ರಮದಲ್ಲಿ ಮೂರು ಪಟ್ಟು ಸಂಭವನೀಯವಾದರೆ, ಪ್ರಮಾಣವು 3:1 ಆಗುತ್ತದೆ. ಎಂದರೆ ಸಹಜ ಕ್ರಮದ ಸಂಭವನೀಯತೆ ನಾಲ್ಕರಲ್ಲಿ ಮೂರು. ಆದರೆ 1:3ರಿಂದ ಹೊರಟವನು ಅದೇ ಸಾಕ್ಷ್ಯದಿಂದ 1:1ನ್ನು ಮಾತ್ರ ಮುಟ್ಟುತ್ತಾನೆ!

ತೊಡಕು ಇರುವುದು ಇಲ್ಲಿಯೇ. 2017ರಲ್ಲಿ ಕೆಲವು ವಿಜ್ಞಾನಿಗಳು ಸಹಜ ಕ್ರಮದ ಪರವಾಗಿ 42:1 ಎಂಬ ಪ್ರಮಾಣವನ್ನು ಸಾರಿದರು. ದ್ರವ್ಯರಾಶಿಗಳ ಲಾಗರಿತಮ್‌ಗಳು ಒಂದೇ ಹಂಚಿಕೆಯಿಂದ ಬಂದವೆಂಬುದು ಅವರ ಪೂರ್ವಭಾವನೆ. ಹಾಗೆ ಬಂದಾಗ ದೊಡ್ಡ ಬೆಲೆಗಳೆರಡು ಹೆಚ್ಚುಕಡಮೆ ಸಮವಾಗುವುದು ಅಪರೂಪ; ವಿಲೋಮ ಕ್ರಮಕ್ಕೆ ಬೇಕಾದುದು ಅದೇ. ಆದುದರಿಂದ ಆ ತೀರ್ಪಿನ ಬಹುಭಾಗವು ಪೂರ್ವಭಾವನೆಯದೇ ಹೊರತು ಸಾಕ್ಷ್ಯದ್ದಲ್ಲವೆಂದು ಇತರರು ಆಕ್ಷೇಪಿಸಿದರು.

ಹಾಗೆಂದು ನಿಯಮವು ದೋಷಯುಕ್ತವೆಂದು ವಾಚಕರು ತಿಳಿಯಬಾರದು. ನಮ್ಮ ಊಹೆಗಳನ್ನು ಅದು ಬಚ್ಚಿಡದೆ ಬಯಲಿಗಿಡುತ್ತದೆ. ಸಾಕ್ಷ್ಯವು ಪ್ರಬಲವಾದಂತೆ ಯಾರು ಎಲ್ಲಿಂದ ಹೊರಟರೂ ಒಂದೇ ನಿರ್ಣಯವನ್ನು ಸೇರುತ್ತಾರೆ. ಅಂಥ ಸಾಕ್ಷ್ಯವನ್ನು ಅರಸಿ ಚೀನಾದ ಜೂನೋ ಪ್ರಯೋಗವು 2025ರಲ್ಲಿ ಕಾರ್ಯಾರಂಭ ಮಾಡಿದೆ.