ಕಡಿದ ದಿನವೇ ದಿಮ್ಮಿಯ ತುದಿಗೆ ಲೇಪ

ಹಿತ್ತಲಿನ ಹಲಸು, ಬದುವಿನ ಬೇವು, ತೋಟದ ಮಾವು, ಹೊಲದಂಚಿನ ಜಾಲಿ ರೈತನಿಗೆ ನೆರಳು, ಹಣ್ಣು, ಸೌದೆಗಳನ್ನು ಕೊಡುವುದಲ್ಲದೆ, ಮುಂದೊಂದು ದಿನ ಬಾಗಿಲು, ಕಿಟಕಿ, ತೊಲೆ, ಮಂಚಗಳಿಗೂ ಒದಗುತ್ತವೆ. ಹಿರಿಯರು ನೆಟ್ಟ ಮರ ಮೊಮ್ಮಕ್ಕಳ ಮನೆಯ ದಾರಂದವಾಗುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಇಂತಹ ಮರ ದಪ್ಪವಾಗಿ ಚೇಗು ಕಟ್ಟಲು ಹಲವು ದಶಕಗಳು ಬೇಕು. ಆದರೆ ಕಡಿದ ಮೇಲೆ ಅದರ ತುದಿಗಳು ಸೀಳಿ ಹಾಳಾಗಲು ನಾಲ್ಕು ದಿನದ ಬಿಸಿಲು ಸಾಕು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ಇಲ್ಲಿಯೂ ಸರಿಯಾಗಿ ಒಪ್ಪುತ್ತದೆ.

ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸುವ ಸುಲಭ ಉಪಾಯವೊಂದುಂಟು. ಕೊಯ್ದ ತುದಿಗಳಿಗೆ ನೀರು ಆರದಂತೆ ತಡೆಯುವ ಲೇಪವನ್ನು ಆ ದಿನವೇ ಬಳಿಯುವುದೇ ಆ ಉಪಾಯ.

ನಷ್ಟ ಎಷ್ಟು?

ಹತ್ತು ಅಡಿ ಉದ್ದ, ನಾಲ್ಕು ಅಡಿ ಸುತ್ತಳತೆಯ ಒಂದು ದಿಮ್ಮಿಯನ್ನು ತೆಗೆದುಕೊಳ್ಳೋಣ. ಮರದ ವ್ಯಾಪಾರದಲ್ಲಿ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವುದು ವಾಡಿಕೆ. ಅದರಂತೆ 1 × 1 × 10, ಅಂದರೆ 10 ಘನ ಅಡಿ ಮರ. ಎರಡೂ ತುದಿಗಳಲ್ಲಿ ಒಂದೊಂದು ಅಡಿ ಸೀಳು ಬಿದ್ದರೆ ಕೆಲಸಕ್ಕೆ ಬರುವುದು 8 ಘನ ಅಡಿ ಮಾತ್ರ. ಐದರಲ್ಲಿ ಒಂದು ಪಾಲು ಸೌದೆಯ ಲೆಕ್ಕಕ್ಕೆ ಸೇರಿತು. ಕಡಿದ ಕೂಲಿ, ಸಾಗಿಸಿದ ಬಾಡಿಗೆಗಳನ್ನಾದರೋ ಹತ್ತು ಅಡಿಗೂ ಕೊಟ್ಟಾಗಿದೆ.

ಮನೆ ಕಟ್ಟುವವರಿಗೆ ಇದಕ್ಕಿಂತಲೂ ದೊಡ್ಡ ತೊಂದರೆ ಉಂಟು. ಏಳು ಅಡಿಯ ದಾರಂದದ ಕಾಲಿಗೆಂದು ಎಂಟು ಅಡಿಯ ದಿಮ್ಮಿ ತುಂಡರಿಸಿಟ್ಟಿದ್ದರೆ, ಎರಡು ಕಡೆಯೂ ಒಂದೊಂದು ಅಡಿ ಹೋದ ಮೇಲೆ ಉಳಿಯುವುದು ಆರೇ ಅಡಿ. ಆಗ ಮರ ಇದ್ದೂ ಬಾಗಿಲಿಗೆ ಮರವಿಲ್ಲ. ಪೇಟೆಯಿಂದ ಕೊಂಡು ತರಬೇಕಾಗುತ್ತದೆ.

ತುದಿಯೇ ಏಕೆ ಸೀಳುತ್ತದೆ?

ಮರದ ಕಾಂಡವು ಬಹು ಸಣ್ಣ ಕೊಳವೆಗಳ ಕಂತೆ. ಬೇರಿನಿಂದ ನೀರು ಮೇಲೇರುವುದು ಇವುಗಳ ಮೂಲಕವೇ. ಅಡ್ಡಲಾಗಿ ಕೊಯ್ದಾಗ ಈ ಕೊಳವೆಗಳ ಬಾಯಿಗಳೆಲ್ಲ ತೆರೆದುಕೊಳ್ಳುತ್ತವೆ. ಆದುದರಿಂದ ದಿಮ್ಮಿಯ ಬದಿಗಿಂತ ತುದಿಯಿಂದ ನೀರು ಹತ್ತರಿಂದ ಹದಿನೈದು ಪಟ್ಟು ಬೇಗ ಆರುತ್ತದೆ.

ಒಣ ಮರದ ತೂಕದ ನೂರಕ್ಕೆ ಸುಮಾರು 30 ಭಾಗ ನೀರು ಉಳಿಯುವವರೆಗೆ ಮರ ಕುಗ್ಗುವುದಿಲ್ಲ. ಅದಕ್ಕಿಂತ ಕಡಮೆಯಾದಾಗ ಕುಗ್ಗಲು ತೊಡಗುತ್ತದೆ. ದಿಮ್ಮಿಯ ತುದಿ ಒಣಗಿ ಕುಗ್ಗಲು ಎಳೆಯುತ್ತದೆ. ಅದರ ಹಿಂದಿನ ಭಾಗ ಇನ್ನೂ ಹಸಿಯಾಗಿದ್ದು ಕುಗ್ಗಲು ಬಿಡುವುದಿಲ್ಲ. ಈ ಎಳೆದಾಟದಲ್ಲಿ ತುದಿ ಬಿರಿಯುತ್ತದೆ.

ಇನ್ನೊಂದು ಕಾರಣವೂ ಉಂಟು. ಮರವು ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ. ಬಳೆಯಂತೆ ಸುತ್ತಿನ ದಿಕ್ಕಿನಲ್ಲಿ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ಗಾಡಿಚಕ್ರದ ನಡುವಿನಿಂದ ಅರಗಳು ಹರಡಿದಂತೆ ಸೀಳುಗಳು ತಿರುಳಿನಿಂದ ಹೊರಕ್ಕೆ ಹರಡುವುದು ಇದರಿಂದಲೇ.

ತುದಿಯ ಬಾಯಿ ಮುಚ್ಚಿದರೆ ನೀರು ಬದಿಯಿಂದಲೇ ಮೆಲ್ಲಗೆ ಹೋಗಬೇಕಾಗುತ್ತದೆ. ಮರವೆಲ್ಲ ಹೆಚ್ಚುಕಡಮೆ ಸಮನಾಗಿ ಒಣಗುತ್ತದೆ. ಲೇಪದ ಕೆಲಸ ಇಷ್ಟೇ. ಮೇಲೆ ಹೇಳಿದ ಹತ್ತು ಅಡಿಯ ದಿಮ್ಮಿಯ ಬದಿಯ ಮೈ 40 ಚದರ ಅಡಿಯಾದರೆ, ಎರಡು ತುದಿಗಳೂ ಸೇರಿ ಎರಡೂವರೆ ಚದರ ಅಡಿ. ಇಷ್ಟು ಸಣ್ಣ ಜಾಗವನ್ನು ಕಾಯ್ದರೆ ಇಡೀ ದಿಮ್ಮಿ ಉಳಿಯುತ್ತದೆ.

ಯಾವ ಲೇಪ ಒಳ್ಳೆಯದು?

(1) ನೀರಿನಲ್ಲಿ ಕದಡಿದ ಮೇಣದ ಲೇಪ: ಮರದ ತುದಿಗೆಂದೇ ತಯಾರಿಸಿದ ಈ ಲೇಪ ಡಬ್ಬಿಗಳಲ್ಲಿ ದೊರೆಯುತ್ತದೆ. ಹಾಲಿನಂತೆ ಬೆಳ್ಳಗಿದ್ದು, ಹಸಿ ಮರಕ್ಕೂ ಚೆನ್ನಾಗಿ ಹಿಡಿಯುತ್ತದೆ. ಕಾಯಿಸುವ ತೊಂದರೆಯಿಲ್ಲ. ಮೇಲಿನ ಅಳತೆಯ ದಿಮ್ಮಿಗೆ ಕಾಲು ಲೀಟರಿನೊಳಗೇ ಸಾಕಾಗುತ್ತದೆ. ಬೆಲೆಬಾಳುವ ಮರಕ್ಕೆ ಇದೇ ಉತ್ತಮ.

(2) ಕರಗಿಸಿದ ಮೇಣ: ಮೇಣದಬತ್ತಿಯ ಮೇಣವನ್ನು ಕರಗಿಸಿ ಬಳಿಯಬಹುದು. ಮೇಣವನ್ನು ನೇರವಾಗಿ ಒಲೆಯ ಮೇಲೆ ಇಡಕೂಡದು; ಅದು ಹೊತ್ತಿಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆಯನ್ನಿಟ್ಟು ಕರಗಿಸಬೇಕು. ಮಕ್ಕಳನ್ನು ದೂರವಿಡಬೇಕು.

(3) ಡಾಂಬರು: ದಪ್ಪ ಡಾಂಬರು ಇಲ್ಲವೆ ಡಾಂಬರು ಬಣ್ಣ ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಒದ್ದೆ ಮೈಗೆ ಚೆನ್ನಾಗಿ ಹಿಡಿಯದು. ಕೊಯ್ದ ಮುಖವನ್ನು ಬಟ್ಟೆಯಿಂದ ಒರೆಸಿ, ಒಂದೆರಡು ಗಂಟೆ ನೆರಳಿನಲ್ಲಿ ಮೇಲ್ಮೈ ಆರಲು ಬಿಟ್ಟು ಬಳಿಯಬೇಕು. ಡಾಂಬರು ಹಚ್ಚಿದ ತುಂಡುಗಳನ್ನು ಆಮೇಲೆ ಅಡಿಗೆಯ ಒಲೆಗೆ ಹಾಕಬಾರದು. ಅದರ ಹೊಗೆ ಕೆಟ್ಟದ್ದು.

(4) ಉಳಿದ ಎಣ್ಣೆ ಬಣ್ಣ: ಮನೆಗೆ ಹಚ್ಚಿ ಉಳಿದ ಬಣ್ಣ ಡಬ್ಬಿಯಲ್ಲಿದ್ದರೆ ದಪ್ಪವಾಗಿ ಎರಡು ಸಲ ಬಳಿಯಬಹುದು. ಮೇಣದಷ್ಟು ಗುಣವಿಲ್ಲದಿದ್ದರೂ ಏನೂ ಹಚ್ಚದಿರುವುದಕ್ಕಿಂತ ಎಷ್ಟೋ ಮೇಲು.

(5) ಸಗಣಿ ಮತ್ತು ಮಣ್ಣು: ನಮ್ಮ ಹಿರಿಯರು ಸಗಣಿಗೆ ಜೇಡಿಮಣ್ಣು ಕಲಸಿ ತುದಿಗೆ ಮೆತ್ತುತ್ತಿದ್ದರು. ಈ ಪದ್ಧತಿಯಲ್ಲಿ ತಿರುಳಿದೆ. ಆದರೆ ಈ ಮೆತ್ತಿಗೆ ಒಣಗಿದಾಗ ತಾನೇ ಬಿರಿಯುತ್ತದೆ. ಮೇಲೆ ಒದ್ದೆ ಗೋಣಿ ಹೊದಿಸಿ, ಬಿರಿದಲ್ಲಿ ಮತ್ತೆ ಮೆತ್ತುತ್ತಿರಬೇಕು. ಬೇರೇನೂ ಸಿಗದಾಗ ಮೊದಲ ಒಂದೆರಡು ದಿನ ಕಾಯಲು ಇದು ಸಾಕು.

ಬರಿಯ ಸುಣ್ಣ ಬಳಿದರೆ ನೀರು ಆರುವುದು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿದರೆ ಒಳಗೆ ಬೂಷ್ಟು ಬೆಳೆದು ಮರಕ್ಕೆ ಕಲೆ ಹಿಡಿಯುತ್ತದೆ. ಇವೆರಡನ್ನೂ ನಂಬಬಾರದು.

ಲೇಪ ಹಾಕುವ ಕ್ರಮ

1. ಮರ ಕಡಿಸುವ ಮೊದಲೇ ಲೇಪ, ಕುಂಚಗಳನ್ನು ತಂದಿಟ್ಟುಕೊಳ್ಳಿರಿ. ಮರ ಉರುಳಿದ ಮೇಲೆ ಪೇಟೆಗೆ ಹೋಗಿ ತರುವಷ್ಟರಲ್ಲಿ ಸೀಳು ಶುರುವಾಗಿರುತ್ತದೆ.

2. ತುದಿಗಳನ್ನು ಕೊಡಲಿಯಿಂದ ಕಡಿಯುವ ಬದಲು ಗರಗಸದಿಂದ ಕೊಯ್ಯಿಸಿರಿ. ಒರಟು ಮುಖಕ್ಕೆ ಲೇಪ ಹೆಚ್ಚು ಬೇಕು. ನಡುವೆ ಜಾಗ ಬಿಟ್ಟುಹೋಗುವುದೂ ಉಂಟು.

3. ಬೇಕಾದ ಉದ್ದಕ್ಕಿಂತ ಪ್ರತಿ ತುದಿಯಲ್ಲಿಯೂ ಮೂರು ಅಂಗುಲ ಹೆಚ್ಚು ಬಿಟ್ಟು ತುಂಡರಿಸಿರಿ.

4. ಮರದ ಪುಡಿ, ಮಣ್ಣುಗಳನ್ನು ಒರೆಸಿ, ಮರದ ಬಣ್ಣ ಕಾಣದಷ್ಟು ದಪ್ಪವಾಗಿ ಲೇಪ ಬಳಿಯಿರಿ. ತೊಗಟೆಯೂ ಮರವೂ ಸೇರುವ ಅಂಚನ್ನು ಬಿಡಬೇಡಿರಿ. ತುದಿಯಿಂದ ಎರಡು ಅಂಗುಲ ಬದಿಗೂ ಬಳಿಯಿರಿ.

5. ಕೊಂಬೆ ಕಡಿದ ಗಾಯ, ಗಂಟು, ತೊಗಟೆ ಕಿತ್ತುಹೋದ ಜಾಗಗಳಿಗೂ ಲೇಪ ಹಚ್ಚಿರಿ. ಅಲ್ಲಿಂದಲೂ ನೀರು ಬೇಗ ಆರುತ್ತದೆ.

6. ಒಂದು ವಾರದ ನಂತರ ನೋಡಿ, ಎದ್ದುಹೋದಲ್ಲಿ ಮತ್ತೊಮ್ಮೆ ಬಳಿಯಿರಿ. ದಿಮ್ಮಿಯನ್ನು ಮಧ್ಯೆ ತುಂಡರಿಸಿದರೆ ಹೊಸ ಮುಖಗಳಿಗೂ ಲೇಪ ಬೇಕು.

ಈಗಾಗಲೇ ಸೀಳು ಕಾಣಿಸಿದ್ದರೆ ಅದರ ಮೇಲೆ ಲೇಪ ಹಾಕಿ ಪ್ರಯೋಜನವಿಲ್ಲ. ಲೇಪವು ಸೀಳನ್ನು ಬೆಸೆಯುವುದಿಲ್ಲ. ಕಣ್ಣಿಗೆ ಕಾಣುವುದಕ್ಕಿಂತ ಸೀಳು ಒಳಗೆ ಆಳವಾಗಿರುತ್ತದೆ. ಸೀಳಿಲ್ಲದ ಮುಖ ಸಿಗುವವರೆಗೆ ತುದಿಯನ್ನು ಕೊಯ್ದು ತೆಗೆದು, ಕೂಡಲೆ ಲೇಪ ಹಾಕಬೇಕು.

ಲೇಪ ಹಾಕಿದ ಮೇಲೆ

ದಿಮ್ಮಿಯನ್ನು ಬಿಸಿಲಿನಲ್ಲಿ, ಬರಿ ನೆಲದ ಮೇಲೆ ಬಿಡಬಾರದು. ಅಡಿಯಲ್ಲಿ ಕಲ್ಲು ಇಲ್ಲವೆ ಅಡ್ಡಮರಗಳನ್ನಿಟ್ಟು ಎತ್ತರಿಸಿ, ನೆರಳಿನಲ್ಲಿರಿಸಬೇಕು. ನೆರಳಿಲ್ಲದಿದ್ದರೆ ತೆಂಗಿನ ಗರಿ, ಸೊಪ್ಪುಸದೆಗಳನ್ನು ಹೊದಿಸಬೇಕು. ಬೇಗ ಕೊಯ್ಯಿಸುವುದಾದರೆ ತೊಗಟೆ ಇರಲಿ. ಬದಿಯ ನೀರು ಬೇಗ ಆರುವುದನ್ನು ಅದು ತಡೆಯುತ್ತದೆ. ಬಹುಕಾಲ ಇಡುವುದಾದರೆ ತೊಗಟೆಯ ಅಡಿಯಲ್ಲಿ ಕೊರೆಯುವ ಹುಳು ಸೇರುವುದರಿಂದ ತೊಗಟೆ ಸುಲಿಯುವುದು ಮೇಲು.

ಕೆರೆಯ ನೀರಿನಲ್ಲಿ ದಿಮ್ಮಿಯನ್ನು ಮುಳುಗಿಸಿಡುವ ಹಳೆಯ ಪದ್ಧತಿಯೂ ಒಳ್ಳೆಯದೇ. ನೀರೊಳಗಿನ ಮರ ಸೀಳುವುದಿಲ್ಲ. ಆದರೆ ಪೂರ್ತಿ ಮುಳುಗಿರಬೇಕು. ಅರ್ಧ ತೇಲುತ್ತಿದ್ದರೆ ಮೇಲಿನ ಭಾಗ ಕೆಡುತ್ತದೆ.

ಮರ ಕಡಿಯಲು ಬಿಸಿಲು, ಒಣಗಾಳಿ ಕಡಮೆಯಿರುವ ಮಾಗಿಯ ಕಾಲ ಅನುಕೂಲ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಸಾಗಣೆಯ ರಹದಾರಿ ಬೇಕೇ ಎಂಬುದನ್ನೂ ತಿಳಿದುಕೊಂಡು, ಮಿಲ್ಲಿನವರೊಡನೆ ದಿನ ಗೊತ್ತು ಮಾಡಿಕೊಂಡ ಮೇಲೆಯೇ ಮರಕ್ಕೆ ಕೈ ಹಾಕಬೇಕು. ಎಷ್ಟೋ ದಿಮ್ಮಿಗಳು ಸೀಳುವುದು ರಹದಾರಿಗೋ ಲಾರಿಗೋ ಕಾಯುತ್ತ ಬಿದ್ದಿರುವಾಗಲೇ.

ಲೇಪದಿಂದ ಆಗದ ಕೆಲಸ

ಲೇಪವು ನಮಗೆ ಕಾಲಾವಕಾಶ ಕೊಡುತ್ತದೆಯೇ ಹೊರತು ಮರವನ್ನು ಒಣಗಿಸುವುದಿಲ್ಲ. ಇಡೀ ದಿಮ್ಮಿಯನ್ನು ವರ್ಷಗಟ್ಟಲೆ ಇಟ್ಟರೆ ಬದಿಯಲ್ಲಿಯೂ ಬಿರಿಯುತ್ತದೆ. ಆದಷ್ಟು ಬೇಗ ಹಲಗೆ ಕೊಯ್ಯಿಸಿ, ಹಲಗೆಗಳ ತುದಿಗೂ ಲೇಪ ಹಚ್ಚಿ, ನಡುವೆ ಒಂದೇ ದಪ್ಪದ ಪಟ್ಟಿಗಳನ್ನಿಟ್ಟು ಗಾಳಿಯಾಡುವ ನೆರಳಿನಲ್ಲಿ ಪೇರಿಸಬೇಕು. ಒಂದು ಹಲಗೆಯನ್ನು ಹದಿನೈದು ದಿನಕ್ಕೊಮ್ಮೆ ತೂಗಿ ನೋಡಿರಿ. ತೂಕ ಇಳಿಯುವುದು ನಿಂತಾಗ ಮರ ಹದವಾಗಿ ಒಣಗಿದೆಯೆಂದು ತಿಳಿಯಬಹುದು.

ನೀಲಗಿರಿ ಮರದ ಸಂಗತಿ ಬೇರೆ. ಬೆಳೆಯುವಾಗಲೇ ಅದರೊಳಗೆ ಸೇರಿಕೊಂಡ ಬಿಗಿತದಿಂದ ಕೊಯ್ದ ಕೂಡಲೆ ತುದಿ ಸೀಳುತ್ತದೆ. ಇದನ್ನು ಯಾವ ಲೇಪವೂ ತಡೆಯದು. ಅಂತಹ ಮರವನ್ನು ಹೆಚ್ಚು ಉದ್ದವಾಗಿ ತುಂಡರಿಸುವುದೇ ದಾರಿ. ಹುಳು ಹಿಡಿಯದಂತೆ ಮಾಡುವುದೂ ಲೇಪದ ಕೆಲಸವಲ್ಲ. ಅದಕ್ಕೆ ಬೇರೆ ಔಷಧೋಪಚಾರ ಬೇಕು. ಈ ವಿಷಯಗಳಲ್ಲಿ ಹೆಚ್ಚಿನ ತಿಳಿವಳಿಕೆ ಬೇಕಾದವರು ಬೆಂಗಳೂರು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಕೇಳಬಹುದು.

ನೀವೇ ಮಾಡಿ ನೋಡಿರಿ

ಯುವಕ ಸಂಘದವರು ಈ ಸಣ್ಣ ಪ್ರಯೋಗ ಮಾಡಬಹುದು. ತೊಡೆಗಾತ್ರದ ಹಸಿ ಕೊಂಬೆಯಿಂದ ನಾಲ್ಕು ಅಡಿಯ ತುಂಡು ತೆಗೆದು, ಒಂದು ತುದಿಗೆ ಮಾತ್ರ ಲೇಪ ಹಚ್ಚಿ, ಪಂಚಾಯತಿ ಕಟ್ಟೆಯ ನೆರಳಿನಲ್ಲಿಡಿರಿ. ಒಂದು ತಿಂಗಳ ಮೇಲೆ ಎರಡೂ ತುದಿಗಳನ್ನು ಅಂಗುಲ ಅಂಗುಲವಾಗಿ ಕೊಯ್ಯುತ್ತ, ಸೀಳು ಎಷ್ಟು ದೂರ ಹೋಗಿದೆಯೆಂದು ಎಲ್ಲರೆದುರು ಅಳೆಯಿರಿ. ನೋಡಿದವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ನೆನಪಿನಲ್ಲಿಡಬೇಕಾದುವು

ಲೇಪವನ್ನು ಮೊದಲೇ ತಂದಿಡುವುದು. ಕೊಯ್ದ ದಿನವೇ ಬಳಿಯುವುದು. ಅಂಚು, ಗಂಟುಗಳನ್ನು ಬಿಡದಿರುವುದು. ನೆಲದಿಂದ ಎತ್ತರಿಸಿ ನೆರಳಿನಲ್ಲಿಡುವುದು. ತಡಮಾಡದೆ ಹಲಗೆ ಕೊಯ್ಯಿಸುವುದು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಐದು ವರ್ಷಗಳಲ್ಲಿ ನಮ್ಮ ಊರಿನಲ್ಲಿ ಕಡಿದ ದಿಮ್ಮಿಗಳಲ್ಲಿ ಎಷ್ಟಕ್ಕೆ ತುದಿ ಸೀಳಿತು? ಅವು ಎಷ್ಟು ದಿನ ಬಿಸಿಲಿನಲ್ಲಿದ್ದುವು?

2. ಎಂಟು ಅಡಿ ಉದ್ದ, ಆರು ಅಡಿ ಸುತ್ತಳತೆಯ ದಿಮ್ಮಿಯ ಎರಡು ತುದಿಗಳಲ್ಲಿ ಒಂದೊಂದು ಅಡಿ ಸೀಳಿದರೆ ನಷ್ಟವಾಗುವುದು ಎಷ್ಟು ಘನ ಅಡಿ?

3. ಲೇಪದ ಒಂದು ಡಬ್ಬಿಯನ್ನು ಸಂಘದ ವತಿಯಿಂದ ತಂದಿಟ್ಟು, ಮರ ಕಡಿಯುವವರಿಗೆ ಅಳತೆಯಂತೆ ಕೊಡುವ ಏರ್ಪಾಡು ನಮ್ಮೂರಿನಲ್ಲಿ ಸಾಧ್ಯವೇ?

(ಎರಡನೆಯ ಪ್ರಶ್ನೆಗೆ ಉತ್ತರ: ನಾಲ್ಕೂವರೆ ಘನ ಅಡಿ.)