ಚಿನ್ನದ ನಾಡಿನ ಎರಡು ಬೆಟ್ಟಗಳು

ಬೆಟ್ಟ ಹತ್ತುವ ಪ್ರವಾಸವೆಂದೊಡನೆ ನಮ್ಮ ಮನಸ್ಸು ಹಿಮಾಲಯದತ್ತ ಹಾರುವುದು ಸಹಜ. ಆದರೆ ಕಣ್ಣು ತೆರೆದು ನಡೆಯುವ ವಿದ್ಯಾರ್ಥಿಗೆ ಕೋಲಾರದ ಚಿನ್ನದ ಗಣಿಗಳ ಸಣ್ಣ ಬೆಟ್ಟವೂ ದೊಡ್ಡ ಪಾಠವನ್ನೇ ಕಲಿಸಬಲ್ಲದು. ಅಲ್ಲಿ ಎರಡು ಬಗೆಯ ಬೆಟ್ಟಗಳಿವೆ. ಒಂದು ಪ್ರಕೃತಿ ಕಟ್ಟಿದುದು. ಮತ್ತೊಂದು ಮನುಷ್ಯ ಸುರಿದುದು. ಮೊದಲನೆಯದು ಯುಗಯುಗಗಳಿಂದ ನಿಂತಿದೆ. ಎರಡನೆಯದು ಬೀಸುಗಾಳಿಗೆ ಹಾರಿಹೋಗುತ್ತಿದೆ. ಇದಕ್ಕೆ ಕಾರಣವೇನೆಂಬುದನ್ನು ಈಗ ವಿಚಾರಿಸೋಣ.

ಬಂಗಾರಪೇಟೆಯಿಂದ ಗಣಿಗಳಿಗೆ ಹೋಗುವ ಸುಮಾರು 16 ಕಿಲೋಮೀಟರಿನ ಕವಲು ರೈಲುದಾರಿಯು 1894ರಲ್ಲಿ ತೆರೆಯಿತು. ಈ ಸೀಮೆಯಲ್ಲಿ ಹೆಚ್ಚಾಗಿ ಕಾಣುವುದು ಗ್ರಾನೈಟ್ ಜಾತಿಯ ಬಂಡೆಗಳು. ಅವುಗಳ ನಡುವೆ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದಕ್ಕೆ, ಕೆಲವೇ ಕಿಲೋಮೀಟರ್ ಅಗಲಕ್ಕೆ, ಕಪ್ಪು ಪದರಗಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಇದು ಸುಮಾರು 270 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ರೂಪಾಂತರ ಹೊಂದಿ ಆದುದು. ನೀರಿನೊಳಗೆ ಲಾವಾ ಹೆಪ್ಪುಗಟ್ಟಿದಾಗ ಉಂಟಾಗುವ ದಿಂಬಿನಾಕಾರದ ಶಿಲೆಗಳೂ ಇಲ್ಲಿವೆ. ಚಿನ್ನವಿದ್ದುದು ಈ ಪಟ್ಟಿಯನ್ನು ಸೀಳಿ ಇಳಿದ ಬೆಣಚುಕಲ್ಲಿನ ಎಳೆಗಳಲ್ಲಿ.

ಗಣಿಗಳ ಪಶ್ಚಿಮಕ್ಕಿರುವ ದೊಡ್ಡಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 975 ಮೀಟರ್. ಎಂಟು ಹತ್ತು ಮಂದಿ ಕೂಡಿ, ಊರಿನ ತಿಳಿದವರೊಬ್ಬರೊಡನೆ, ಬೆಳಗಿನ ತಂಪಿನಲ್ಲಿ ಏರುವುದು ಒಳ್ಳೆಯದು. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗವೇ ಎಲ್ಲರ ವೇಗವಾಗಬೇಕು. ಹಳೆಯ ಗಣಿಬಾವಿಗಳ ಹತ್ತಿರ ಯಾರೂ ಸುಳಿಯಕೂಡದು. ಇಲ್ಲಿನ ಏಣುಗಳಲ್ಲಿ ಕಬ್ಬಿಣ ಬೆರೆತ, ಪಟ್ಟೆಪಟ್ಟೆಯಾದ ಬೆಣಚುಶಿಲೆ ಕಾಣುವುದು. ಇಂತಹ ಶಿಲೆಯಲ್ಲಿ ಮ್ಯಾಗ್ನೆಟೈಟ್ ಇದ್ದರೆ ದಿಕ್ಸೂಚಿಯ ಮುಳ್ಳು ದಾರಿತಪ್ಪುವುದುಂಟು. ಆದುದರಿಂದ ಸೂರ್ಯನನ್ನೂ ನೋಡಿ ದಿಕ್ಕನ್ನು ನಿಶ್ಚಯಿಸಬೇಕು. ಮಳೆ ಬಿಸಿಲುಗಳು ಸುತ್ತಲಿನ ಮೆದುಶಿಲೆಯನ್ನು ಸವೆಸಿದರೂ ಬೆಣಚುಶಿಲೆ ಸುಲಭವಾಗಿ ಕರಗದು, ಸವೆಯದು. ಅದೇ ಏಣಾಗಿ ಉಳಿಯುತ್ತದೆ. ಅದರ ಇಳಿಜಾರಿನ ಮಣ್ಣನ್ನು ಹುಲ್ಲು ಪೊದೆಗಳ ಬೇರುಗಳು ಹಿಡಿದಿಟ್ಟಿವೆ.

ಈಗ ಪೂರ್ವಕ್ಕೆ ತಿರುಗಿ ನೋಡಿದರೆ, ತಲೆ ಚಪ್ಪಟೆಯಾದ, ಬಿಳಿಚಿದ ದಿಬ್ಬಗಳು ಕಾಣುವುವು. ಜನರು ಇವನ್ನು ಸೈನೈಡ್ ಗುಡ್ಡಗಳೆನ್ನುವರು. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಈ ಗಣಿಗಳು 3 ಕಿಲೋಮೀಟರಿಗೂ ಆಳಕ್ಕಿಳಿದು, 2001ರ ಫೆಬ್ರವರಿ 28ರಂದು ಮುಚ್ಚಿದುವು. ದೊರೆತ ಚಿನ್ನ ಸುಮಾರು 800 ಟನ್; ಉಳಿದ ಹಿಟ್ಟುಕಲ್ಲು 3 ಕೋಟಿ ಟನ್ನಿಗೂ ಹೆಚ್ಚು.

ಕಲ್ಲನ್ನು ಅಷ್ಟು ನುಣ್ಣಗೆ ಅರೆದುದೇಕೆ? 1 ಸೆಂಟಿಮೀಟರ್ ಅಂಚಿನ ಒಂದು ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು 0.1 ಮಿಲಿಮೀಟರ್ ಅಂಚಿನ ಘನಗಳಾಗಿ ಒಡೆದರೆ 10 ಲಕ್ಷ ತುಣುಕುಗಳಾಗಿ, ಒಟ್ಟು ಮೇಲ್ಮೈ 600 ಚದರ ಸೆಂಟಿಮೀಟರ್ ಆಗುವುದು! ಮೇಲ್ಮೈ ನೂರ್ಮಡಿಯಾದಷ್ಟೂ ಸೈನೈಡ್ ದ್ರಾವಣಕ್ಕೆ ಚಿನ್ನದ ಕಣಗಳು ಸುಲಭವಾಗಿ ಎಟಕುವುವು. ಆದರೆ ಇದರ ಇನ್ನೊಂದು ಮುಖವನ್ನು ಮರೆಯಬಾರದು. ಕಣ ಚಿಕ್ಕದಾದಷ್ಟೂ ತೂಕ ಕಡಮೆ. ಒಣಗಿದಾಗ ಗಾಳಿಗೆ ಅದು ಸುಲಭದ ತುತ್ತು. ಯಾವ ನುಣುಪು ಚಿನ್ನವನ್ನು ಕೊಟ್ಟಿತೋ ಅದೇ ನುಣುಪು ಧೂಳನ್ನೂ ಕೊಟ್ಟಿತು. ಸಿಲಿಕದ ಸೂಕ್ಷ್ಮ ಧೂಳನ್ನು ಬಹುಕಾಲ ಉಸಿರಾಡಿದರೆ ಶ್ವಾಸಕೋಶಗಳು ಗಾಯಗೊಂಡು ಸಿಲಿಕೋಸಿಸ್ ಬರುವುದು. ದಿಬ್ಬಗಳ ಮಗ್ಗುಲಲ್ಲೇ ಮನೆಗಳಿವೆ, ಶಾಲೆಗಳಿವೆ. ಆದುದರಿಂದ ಇದು ಬರಿಯ ಭೂಗೋಳದ ಪ್ರಶ್ನೆಯಲ್ಲ. ಪ್ರವಾಸಿಗಳು ಈ ದಿಬ್ಬಗಳನ್ನು ಹತ್ತದೆ ದೂರದಿಂದಲೇ ನೋಡಬೇಕು.

ಪರಿಹಾರವನ್ನು ದೊಡ್ಡಬೆಟ್ಟವೇ ಸೂಚಿಸುತ್ತದೆ: ಹೊದಿಕೆ ಮತ್ತು ಬೇರು. ಹಿಟ್ಟುಕಲ್ಲಿನಲ್ಲಿ ಗಿಡಕ್ಕೆ ಬೇಕಾದ ಸಾರವಿಲ್ಲ; ಮೇಲೆ ಮಣ್ಣು ಗೊಬ್ಬರಗಳನ್ನು ಹರಡಿ, ಬರವನ್ನು ತಾಳುವ ಹುಲ್ಲು ಮರಗಳನ್ನು ಬೆಳೆಸಬೇಕು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಎರಡು ತಟ್ಟೆಗಳಲ್ಲಿ ಹೊಲದ ನುಣ್ಣನೆಯ ಮಣ್ಣನ್ನು ತುಂಬಿ, ಒಂದರಲ್ಲಿ ಮಾತ್ರ ರಾಗಿಯನ್ನು ಬಿತ್ತಿರಿ. ಎರಡಕ್ಕೂ ಸಮನಾಗಿ ನೀರೆರೆಯಿರಿ. ಪೈರು ಬೆರಳುದ್ದ ಬೆಳೆದ ಮೇಲೆ ಎರಡನ್ನೂ ಒಣಗಿಸಿ, ಮೇಲ್ಪದರವನ್ನು ಕಡ್ಡಿಯಿಂದ ಮೆಲ್ಲಗೆ ಕೆದಕಿ, ಬಯಲಿನಲ್ಲಿಟ್ಟು ಒಂದೇ ದೂರದಿಂದ ಸೈಕಲ್ ಪಂಪಿನ ಗಾಳಿಯನ್ನು ಬಿಡಿರಿ. ಯಾವ ತಟ್ಟೆಯ ಮಣ್ಣು ಹೆಚ್ಚು ಹಾರುವುದೆಂದು ತೂಗಿ ನೋಡಿರಿ. ಬೆಟ್ಟವನ್ನು ನಿಲ್ಲಿಸುವ ಶಕ್ತಿಯಲ್ಲಿ ಒಂದು ರಾಗಿಯ ಬೇರಿಗೂ ಪಾಲುಂಟೆಂಬುದು ಆಗ ಮನದಟ್ಟಾಗುವುದು.