ತೋಟವನ್ನು ನೋಡುವ ಬಗೆ

ನಮ್ಮ ವಿಜಯಪುರ ಸೀಮೆಯಲ್ಲಿ ‘ಹೊಲ’ ಮತ್ತು ‘ತೋಟ’ ಎಂಬ ಎರಡು ಮಾತುಗಳಿವೆ. ಮಳೆಯನ್ನು ನಂಬಿದ ಭೂಮಿ ಹೊಲ. ಬಾವಿಯ ಅಥವಾ ಕಾಲುವೆಯ ನೀರುಂಡ ಭೂಮಿ ತೋಟ. ಅಲ್ಲಿ ಗುಲಾಬಿ ಇರಲಿ, ಉಳ್ಳಾಗಡ್ಡಿ ಇರಲಿ, ನೀರು ಹರಿದರೆ ಅದು ತೋಟವೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಿಂದ ಬಂದು ಈ ಕಾಲೇಜಿನಲ್ಲಿ ಓದುತ್ತಿರುವ ನಮಗೆಲ್ಲ ಈ ಭೇದವು ಪಾಠವಿಲ್ಲದೆ ತಿಳಿದದ್ದು. ಜಗತ್ತಿನ ಪ್ರಸಿದ್ಧ ಉದ್ಯಾನಗಳನ್ನು ಅರಿಯುವದಕ್ಕೂ ನಮ್ಮ ಹಿರಿಯರ ಈ ಮಾತೇ ಒಳ್ಳೆಯ ಅಳತೆಗೋಲೆಂದು ನನಗೆ ತೋರುತ್ತದೆ. ಅದನ್ನು ವಿವರಿಸುವದೇ ಈ ಲೇಖನದ ಉದ್ದೇಶ.

ಉದ್ಯಾನಗಳ ಮಾತು ಬಂದಾಗ ಮೊದಲು ಫ್ರಾನ್ಸ್ ದೇಶದ ವರ್ಸೇಲ್ಸ್ ನೆನಪಾಗುವದು ಸಹಜ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಅದನ್ನು ಒಪ್ಪಂದದ ಹೆಸರಿನಿಂದ ಬಲ್ಲೆವು. ಪ್ರವಾಸಿಗರು ಅದನ್ನು ತೋಟದಿಂದ ಬಲ್ಲರು. ಹದಿನಾಲ್ಕನೆಯ ಲೂಯಿಯ ಅಪ್ಪಣೆಯಂತೆ 1661ರಿಂದ ಆಂದ್ರೆ ಲೆ ನೋತ್ರ್ ಎಂಬ ಉದ್ಯಾನಶಿಲ್ಪಿ ಅದನ್ನು ರೂಪಿಸಿದನು. ಅವನ ತಂದೆಯೂ ಅರಸನ ತೋಟದಲ್ಲಿ ದುಡಿದವನೇ. ದಾರಿಗಳು ಸೂತ್ರ ಹಿಡಿದಂತೆ ನೇರ. ಎಡಕ್ಕೆ ಇದ್ದುದು ಬಲಕ್ಕೂ ಉಂಟು. ಗಿಡಗಳು ಕತ್ತರಿಗೆ ಅಂಜಿ ನಿಂತಂತೆ ಇರುವವು. ನಡುವೆ ಒಂದೂವರೆ ಕಿಲೋಮೀಟರಿಗಿಂತ ಉದ್ದವಾದ ಮಹಾಕಾಲುವೆ. ಅರಸನ ಇಚ್ಛೆಗೆ ಪ್ರಕೃತಿಯೂ ತಲೆಬಾಗುವದೆಂದು ಆ ತೋಟವು ಸಾರುತ್ತಿತ್ತು.

ಆದರೆ ನೀರು ಮಾತ್ರ ಅರಸನಿಗೆ ಸುಲಭವಾಗಿ ತಲೆಬಾಗಲಿಲ್ಲ. ವರ್ಸೇಲ್ಸಿನ ಹತ್ತಿರ ದೊಡ್ಡ ನದಿ ಇರಲಿಲ್ಲ. ಸೀನ್ ನದಿಯ ದಂಡೆಯ ಮೇಲೆ ಮಾರ್ಲಿ ಎಂಬಲ್ಲಿ ಹದಿನಾಲ್ಕು ದೊಡ್ಡ ಗಾಲಿಗಳ ಯಂತ್ರವನ್ನು ಹೂಡಿದರು. ಹೊಳೆಯ ಸೆಳೆತದಿಂದಲೇ ಗಾಲಿಗಳು ತಿರುಗಿ, ನೀರನ್ನು 150 ಮೀಟರಿಗಿಂತ ಎತ್ತರಕ್ಕೆ ತಳ್ಳುತ್ತಿದ್ದವು. 1684ರಲ್ಲಿ ಅದು ಕೆಲಸ ಆರಂಭಿಸಿತು. ಆದರೂ ನೀರು ಸಾಲದಾಯಿತು. ಯೂರ್ ನದಿಯಿಂದ ಕಾಲುವೆ ತರಲು ಸಾವಿರಾರು ಸೈನಿಕರನ್ನು ಹಚ್ಚಿದರು. ಜ್ವರಕ್ಕೆ ತುತ್ತಾಗಿ ಬಹಳ ಜನ ಸತ್ತರು. 1688ರಲ್ಲಿ ಯುದ್ಧ ಬಂದು ಕೆಲಸ ನಿಂತಿತು. ಮೆಂತನೋ ಎಂಬ ಊರಿನಲ್ಲಿ ಆ ಮುರುಕು ಕಮಾನುಗಳು ಇಂದಿಗೂ ನಿಂತಿವೆ.

ಕಾರಂಜಿಗಳೆಲ್ಲ ಒಮ್ಮೆಗೇ ಚಿಮ್ಮುವಷ್ಟು ನೀರಿರದ ಕಾರಣ ಒಂದು ಉಪಾಯ ಹೂಡಿದ್ದರು. ಅರಸನು ಬರುವ ಕಾರಂಜಿಯನ್ನು ಬಿಡುವದು. ಅವನು ದಾಟಿ ಹೋದ ಕೂಡಲೆ ಕಟ್ಟುವದು. ಆಳುಗಳು ಸಿಳ್ಳು ಹಾಕಿ ಒಬ್ಬರಿಗೊಬ್ಬರು ಸೂಚನೆ ಕೊಡುತ್ತಿದ್ದರು. ಪಾಳಿಯ ನೀರಿಗಾಗಿ ರಾತ್ರಿಯೆಲ್ಲ ಕಾಯುವ ನಮ್ಮ ರೈತರಿಗೆ ಈ ಸಂಗತಿ ಹೊಸದೆನಿಸಲಾರದು. ಭೇದವಿಷ್ಟೇ: ನಮ್ಮಲ್ಲಿ ಪಾಳಿ ಬೆಳೆಗೆ, ಅಲ್ಲಿ ಪಾಳಿ ಕಣ್ಣಿಗೆ. 1789ರ ಅಕ್ಟೋಬರದಲ್ಲಿ ಪ್ಯಾರಿಸಿನ ಹೆಣ್ಣುಮಕ್ಕಳು ರೊಟ್ಟಿ ಕೇಳುತ್ತ ನಡೆದು ಬಂದದ್ದು ಇದೇ ಅರಮನೆಯ ಬಾಗಿಲಿಗೆ ಎಂಬುದನ್ನು ಇಲ್ಲಿ ನೆನೆಯಬೇಕು.

ಅಲ್ಲಿಯ ಇನ್ನೊಂದು ವಿಶೇಷವೆಂದರೆ ಒರಾಂಜರಿ. ಚಳಿಗಾಲದಲ್ಲಿ ಗಿಡಗಳನ್ನು ಕಾಪಾಡಲು ಕಟ್ಟಿದ ಕಲ್ಲಿನ ಉದ್ದನೆಯ ಮನೆಯಿದು. ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಬೆಳೆಸಿದ ಗಿಡಗಳನ್ನು ಅಕ್ಟೋಬರದಲ್ಲಿ ಒಳಗೆ ಒಯ್ದು ಮೇ ತಿಂಗಳಿನಲ್ಲಿ ಹೊರಗೆ ತರುವರು. ಆ ಗಿಡಗಳು ಯಾವುವು? ಕಿತ್ತಳೆ, ಲಿಂಬೆ, ದಾಳಿಂಬೆ, ಕಣಗಿಲೆ! ಇಂಡಿಯ ಬಿಸಿಲಿನಲ್ಲಿ ಬಯಲಲ್ಲೇ ಬೆಳೆಯುವ ಲಿಂಬೆ ಅಲ್ಲಿ ಅರಮನೆಯ ಅತಿಥಿ. ನನ್ನ ತಂದೆ ಬೇರೆಯವರ ಲಿಂಬೆ ತೋಟದಲ್ಲಿ ದುಡಿದು ನನ್ನನ್ನು ಓದಿಸಿದವರು. ಬರ ಬಿದ್ದ ವರ್ಷ ಟ್ಯಾಂಕರಿನಿಂದ ನೀರು ತಂದು ಗಿಡದ ಬುಡಕ್ಕೆ ಹನಿಸುವದನ್ನು ನಾನು ಕಂಡಿದ್ದೇನೆ. ಅವರಿಗೆ ಚಳಿಯ ಚಿಂತೆ, ನಮಗೆ ನೀರಿನ ಚಿಂತೆ. ಆ ಚಿಂತೆಯಲ್ಲಿ ಬೆಳೆದ ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತದ್ದು ನಮಗೆಲ್ಲ ಅಭಿಮಾನದ ಸಂಗತಿ.

ವರ್ಸೇಲ್ಸಿಗೆ ಹೋಗಲು ನಮ್ಮಂಥವರಿಗೆ ಸದ್ಯ ಸಾಧ್ಯವಾಗದಿರಬಹುದು. ಆದರೆ ಹಳೆಯ ಜಲವಿನೋದವನ್ನು ಕಾಣಲು ವಿಜಯಪುರದಿಂದ ಸಿಂದಗಿಯ ದಾರಿ ಹಿಡಿದರೆ ಸಾಕು. ಸುಮಾರು ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕುಮಟಗಿ ಇದೆ. ಆದಿಲಶಾಹಿಗಳು ಅಲ್ಲಿ ಕೆರೆಯ ಬದಿಗೆ ಬೇಸಗೆಯ ಮಂಟಪಗಳನ್ನು ಕಟ್ಟಿಸಿದರು. ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಕೊಳವೆಗಳ ಮೂಲಕ ಇಳಿಸಿ, ಮಂಟಪದಲ್ಲಿ ಮಳೆಯಂತೆ ಸುರಿಸುವ ಏರ್ಪಾಡು ಅಲ್ಲಿತ್ತು. ಗೋಡೆಯ ಚಿತ್ರಗಳು ಈಗ ಮಾಸಿವೆ. ಆದರೆ ಅದೇ ಅರಸರ ನೀರಿನ ವಿದ್ಯೆ ಕೇವಲ ವಿನೋದಕ್ಕೆ ಮುಗಿಯಲಿಲ್ಲ. ಮಹಮ್ಮದ ಆದಿಲಶಹನ ಕಾಲದಲ್ಲಿ, 1651ರಲ್ಲಿ ಆದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳು ನೆಲದೊಳಗೆ ಸಾಗಿ ನಗರಕ್ಕೆ ನೀರುಣಿಸಿದವು. ಒತ್ತಡ ತಗ್ಗಲೆಂದೂ ಕೆಸರು ತಳದಲ್ಲಿ ನಿಲ್ಲಲೆಂದೂ ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು.

ಇನ್ನು ನಮ್ಮ ಕಾಲದ ಉದ್ಯಾನ ಆಲಮಟ್ಟಿಯದು. 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಅಣೆಕಟ್ಟು 2005ರಲ್ಲಿ ಪೂರ್ಣವಾಯಿತು. ಅದರ ಮಗ್ಗುಲಿಗೆ ಶಿಲಾ ಉದ್ಯಾನ, ಮೊಗಲ ಉದ್ಯಾನ, ಸಂಗೀತ ಕಾರಂಜಿಗಳಿವೆ. ಕಳೆದ ವರ್ಷ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ಅವಳ ತವರು ಹಳೆಯ ಬಸವನಬಾಗೇವಾಡಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿ. ಅದು ಹಿನ್ನೀರಿನಲ್ಲಿ ಮುಳುಗಿದೆ. ಎಲ್ಲರೂ ಕಾರಂಜಿ ನೋಡುತ್ತಿದ್ದರೆ ಅವಳು ನೀರಿನ ಕಡೆ ಮುಖ ಮಾಡಿ ನಿಂತು, “ಆ ಕಡೀಗೆ ನಮ್ಮ ತ್ವಾಟ ಇತ್ತ ನೋಡವ್ವಾ” ಎಂದಳು. ನಾನು ಏನನ್ನೂ ಹೇಳಲಾರದೆ ಹೋದೆನು. ಆದರೆ ಆಲಮಟ್ಟಿಯಿಂದ ಇಳಿದ ನೀರೇ ನಾರಾಯಣಪುರದ ಬಸವಸಾಗರ ಸೇರಿ, ಎಡದಂಡೆಯ ಕಾಲುವೆಯಿಂದಲೂ ಇಂಡಿ ಶಾಖಾ ಕಾಲುವೆಯಿಂದಲೂ ಸಿಂದಗಿ, ಇಂಡಿಗಳ ಹೊಲಗಳನ್ನು ತೋಟ ಮಾಡಿದೆ ಎಂಬುದೂ ಅಷ್ಟೇ ನಿಜ. ಒಂದು ತಾಲ್ಲೂಕಿನ ತೋಟ ಮುಳುಗಿ ಇನ್ನೊಂದು ತಾಲ್ಲೂಕಿನ ತೋಟ ಎದ್ದಿತು. ಇವೆರಡರ ಲೆಕ್ಕವನ್ನೂ ಇಟ್ಟುಕೊಂಡೇ ಆ ಕಾರಂಜಿಯನ್ನು ನೋಡುವದು ನ್ಯಾಯ.

ಉದ್ಯಾನಗಳ ಚೆಲುವು ಸುಳ್ಳೆಂದು ನಾನು ಹೇಳುತ್ತಿಲ್ಲ. ದುಡಿದು ದಣಿದವರಿಗೆ ಹೂವಿನ ನಡುವೆ ಒಂದು ಗಳಿಗೆ ಕೂಡುವ ಹಕ್ಕಿದೆ. ಒಂದು ಕಾಲಕ್ಕೆ ಅರಸನಿಗಾಗಿ ಮಾತ್ರ ಸಿಳ್ಳು ಹಾಕಿದ ವರ್ಸೇಲ್ಸಿನ ತೋಟಕ್ಕೆ ಇಂದು ಸಾಮಾನ್ಯ ಜನರು ಹೋಗುತ್ತಾರೆಂಬುದು ಸಂತೋಷದ ಮಾತೇ. ಆದರೆ ಯಾವ ತೋಟಕ್ಕೆ ಹೋದರೂ ಮೂರು ಪ್ರಶ್ನೆ ಕೇಳೋಣ: ಈ ನೀರು ಎಲ್ಲಿಂದ ಬಂತು? ಯಾರು ತಂದರು? ಇಲ್ಲಿಂದ ಮುಂದೆ ಯಾರಿಗೆ ಹೋಗುತ್ತದೆ?

ನಮ್ಮ ಹಳ್ಳಿಗಳಲ್ಲಿ ಹಳೆಯ ಬಾವಿ, ತೋಟಗಳಿಗೆ ಕೊರತೆಯಿಲ್ಲ. ಅವುಗಳ ಕಥೆ ಬಲ್ಲ ಹಿರಿಯರೂ ಇನ್ನೂ ಇದ್ದಾರೆ. ಈ ಬೇಸಗೆಯ ಸೂಟಿಯಲ್ಲಿ ಗೆಳೆಯ ಗೆಳತಿಯರು ತಮ್ಮ ತಮ್ಮ ಊರಿನ ಒಂದು ತೋಟದ ನೀರಿನ ದಾರಿಯನ್ನು ಕೇಳಿ ಬರೆದುಕೊಂಡು ಬಂದರೆ, ಮುಂದಿನ ಸಂಚಿಕೆಗೆ ನಾಲ್ಕೂ ತಾಲ್ಲೂಕುಗಳ ಒಂದು ಒಳ್ಳೆಯ ಇತಿಹಾಸ ಸಿದ್ಧವಾದೀತು.